ಅವ್ವನ ಹಿಡಿಕೆ, ನನ್ನ ದುಂಡು ಬಿಟ್

ಠಣ್ಣ್!

ಬಚ್ಚಲುಮನೆಯ ಸದ್ದಿಗೆ ನನ್ನ ಹೆಂಡತಿ ರೇಣುಕಾ ಅಡುಗೆಮನೆಯಿಂದಲೇ ಕೇಳಿದಳು, "ಏನ್ರೀ ಅದು?"

"ಏನಿಲ್ಲ, ಕೆಲಸ ಶುರು ಆತು."

ಹತ್ತು ನಿಮಿಷದಲ್ಲಿ ಅದು ನಾಲ್ಕನೇ ಸಲ ಶುರುವಾಗಿತ್ತು. ನಾಲ್ಕು ಸಲವೂ ಡ್ರಿಲ್ ಮಷೀನಿನ ಬಾಯಿಂದ ಕೊರೆಯುವ ಕಡ್ಡಿ, ಅದೇ ಬಿಟ್, ಜಾರಿ ನೆಲಕ್ಕೆ ಬಿದ್ದಿತ್ತು. ಗೋಡೆಗೆ ನಾಲ್ಕು ತೂತು ಕೊರೆಯಲು ಈ ಕರಿಬಸಪ್ಪ ಮಾಸ್ತರ ಯಾರ ಮುಖವನ್ನೂ ನೋಡುವವನಲ್ಲ ಎಂದು ಬೆಳಿಗ್ಗೆಯೇ ಘೋಷಿಸಿಬಿಟ್ಟಿದ್ದೆ.

ತೂತು ಬೇಕಾಗಿದ್ದು ಅವ್ವನಿಗೆ. ತೊಡೆಯ ಮೂಳೆ ಮುರಿದು, ಆಪರೇಷನ್ ಆಗಿ, ಹಿಂದಿನ ದಿನವಷ್ಟೇ ಕೊಪ್ಪಳದ ಆಸ್ಪತ್ರೆಯಿಂದ ಕುಷ್ಟಗಿಯ ನಮ್ಮ ಮನೆಗೆ ಬಂದಿದ್ದಳು. ಒಂದು ಸಲ ಸೊಸೆಯ ಕೈ ಹಿಡಿದು ಬಚ್ಚಲಿಗೆ ಹೋಗಿಬಂದದ್ದೇ ಅವಳಿಗೆ ಸಾಕಾಗಿತ್ತು. ಬೆಳಿಗ್ಗೆ ಎದ್ದವಳೇ ಕರಾರು ಹಾಕಿದಳು.

"ಬಚ್ಚಲದಾಗ ನಾನ ಕುಂದರಬೇಕು, ನಾನ ಏಳಬೇಕು. ಗ್ವಾಡಿಗೆ ಹಿಡಿಕಿ ಹಾಕು. ಅಲ್ಲೀಮಟ ನನಗ ನೀರೂ ಬ್ಯಾಡ, ಚಾನೂ ಬ್ಯಾಡ. ಕುಡದ್ರ ಮತ್ತ ಬಚ್ಚಲಕ್ಕ ಹೋಗಬೇಕಾಗ್ತೈತಿ."

"ಅರ್ಧ ತಾಸಿನ ಕೆಲಸ ಬೇ," ಎಂದಿದ್ದೆ.

ಎದುರು ಮನೆಯ ಜಹೀರ ನಳ, ಕರೆಂಟಿನ ಕೆಲಸದವನು. ಅವನು ಮುನಿರಾಬಾದಿಗೆ ಹೋಗಿದ್ದ. ಅವನ ಹೆಂಡತಿ ಲಾಲಬೀ, ಪೆಟ್ಟು ಹಾಕುತ್ತಲೇ ಕೊರೆಯುವ ದೊಡ್ಡ ಹ್ಯಾಮರ್ ಡ್ರಿಲ್ ಮಷೀನು ಕೊಟ್ಟು, "ಇದರ ಬಿಟ್ ಅವರ ಚೀಲದಾಗ ಅದಾವ್ರಿ, ಬರೂಮಟ ತಡೀರಿ," ಎಂದಳು. ನನ್ನ ಮೇಜಿನ ಖಾನೆಯಲ್ಲಿ ಒಂದು ಬಿಟ್ ಇರುವಾಗ ತಡೆಯುವುದೇಕೆ? ಬಿಟ್ ಅಂದರೆ ಬಿಟ್.

ಐದನೇ ಸಲ ಬಿದ್ದಾಗ ನನ್ನ ಹುಟ್ಟೂರು ಬೇವೂರಿನ ಬುದ್ಧಿ ಜಾಗೃತವಾಯಿತು. ಗುದ್ದಲಿಯ ಮರದ ಕಾವು ಸಡಿಲವಾದರೆ ನಮ್ಮಪ್ಪ ಏನು ಮಾಡುತ್ತಿದ್ದ? ನೆನೆಸಿದ ಗೋಣಿ ಚೂರು ತುರುಕಿ ಬಿಗಿ ಮಾಡುತ್ತಿದ್ದ. ನಾನೂ ಬಿಟ್ಟಿನ ಬುಡಕ್ಕೆ ಗೋಣಿ ಸುತ್ತಿ ಮಷೀನಿನ ಬಾಯಿಗೆ ತುರುಕಿದೆ. ಜಗ್ಗಿದರೂ ಬರಲಿಲ್ಲ. ದಂಡೆತ್ತಿ ಹೊರಟ ದೊರೆಯಂತೆ ಎದೆ ಉಬ್ಬಿಸಿ ಗುಂಡಿ ಒತ್ತಿದೆ.

ಮಷೀನು ಗುಡುಗಿತು. ಮನೆ ನಡುಗಿತು. ಗೋಣಿಯಿಂದ ಹೊಗೆ ಬಂತು. ಬಿಟ್ ಮಾತ್ರ ತಿರುಗದೆ ಗೋಡೆಯ ಮೇಲೆ ಜಾರಿ, ಒಂದು ಟೈಲ್ಸನ್ನು ಸೀಳಿ, ನೀರಿನ ಬಕೀಟಿನಲ್ಲಿ ಮುಳುಗಿತು.

"ಹಿಡಿಕಿ ಹಾಕಾಕತ್ತಿಯೋ, ಬೋರ್ ಹೊಡ್ಯಾಕತ್ತಿಯೋ?" ಮಂಚದಿಂದ ಅವ್ವ ಕೇಳಿದಳು. ಧ್ವನಿ ಒಣಗಿತ್ತು.

ರೇಣುಕಾ ಬಾಗಿಲಿಗೆ ಬಂದು ನಿಂತಳು. "ಅತ್ತಿ ತುಟಿ ಒಡದಾವು. ಜಹೀರಣ್ಣಗ ಫೋನ್ ಮಾಡ್ರಿ."

"ಇನ್ನೊಂದು ಸಲ ನೋಡ್ತೀನಿ."

"ನೀವು ಎಷ್ಟು ಸಲನರ ನೋಡ್ರಿ. ಅತ್ತಿ ಒಂದ್ ಗುಟುಕು ನೀರು ಕುಡದು ಎಷ್ಟೊತ್ತಾತು, ಅದನ್ನ ನೋಡೀರೇನು?"

ಫೋನ್ ಮಾಡಿದೆ.

ಮಧ್ಯಾಹ್ನದ ಹೊತ್ತಿಗೆ ಜಹೀರ ಬಂದ. ಮಷೀನಿನ ಬಾಯಿಂದ ಕರಕಲು ಗೋಣಿಯ ಎಳೆಗಳನ್ನು ಒಂದೊಂದಾಗಿ ಎಳೆದು ಹೊರಗಿಟ್ಟ.

"ಮಾಸ್ತರ್ರ, ಮಷೀನಿಗೆ ಏನರ ಗಾಯ ಆಗಿತ್ತೇನ್ರಿ? ಪಟ್ಟಿ ಕಟ್ಟೀರಿ."

ನಂತರ ಚೀಲದಿಂದ ಮೂರು ಬಿಟ್ ತೆಗೆದು ತಿರುವಿ ಹಿಡಿದ. "ತುದಿ ನೋಡಬ್ಯಾಡ್ರಿ, ಬುಡ ನೋಡ್ರಿ. ಇದಕ್ಕ ಶ್ಯಾಂಕ್ ಅಂತಾರ. ದುಂಡಂದು, ನಿಮ್ಮ ಬಿಟ್ಟಿನಂಥಾದ್ದು, ಚಾವಿ ತಿರುವಿ ಬಿಗಿ ಮಾಡೋ ಸಣ್ಣ ಮಷೀನಿಗೆ. ಆರು ಮೂಲಿದು ಸ್ಕ್ರೂ ತಿರುವೋ ಮಷೀನಿಗೆ, ಜಾರಂಗಿಲ್ಲ. ಈ ಹ್ಯಾಮರಿಗೆ ಬುಡದಾಗ ಉದ್ದಕ್ಕ ಕೊರದ ಕಚ್ಚು ಇರೋದ ಬೇಕು. ಒತ್ತಿದ್ರ ಟಕ್ಕಂತ ಕುಂದರ್ತೈತಿ. ಕುಂತ ಮ್ಯಾಲೂ ಹಿಂದ ಮುಂದ ಚೂರು ಆಡ್ತೈತಿ. ಆಡಿದ್ರನ ಪೆಟ್ಟು ಗ್ವಾಡಿಗೆ ಬೀಳ್ತೈತಿ. ನೀವು ಗೋಣಿ ತುರುಕಿ ಆಡಾಕ ಬಿಟ್ಟಿಲ್ಲ."

ರೇಣುಕಾಳ ಚಾ ಕುದಿಯುವಷ್ಟರಲ್ಲಿ ನಾಲ್ಕು ತೂತು ಬಿದ್ದವು. ಹಿಡಿಕೆ ಕೂತಿತು. ಜಹೀರ ತನ್ನ ಭಾರವನ್ನೆಲ್ಲ ಅದಕ್ಕೆ ಹಾಕಿ ಜಗ್ಗಿ ನೋಡಿ, ತಲೆ ಆಡಿಸಿದ. ಅವ್ವ ಒಂದು ತಂಬಿಗೆ ನೀರು, ಮೇಲೆ ಎರಡು ಕಪ್ ಚಾ ಕುಡಿದಳು. ಅವಳ ಮುಖಕ್ಕೆ ಜೀವ ಬಂದದ್ದು ಕಂಡು ನನಗೂ ಧೈರ್ಯ ಬಂತು. ಇಡೀ ಮುಂಜಾನೆ ವ್ಯರ್ಥವಾಗಲಿಲ್ಲ ಎಂದು ಯಾರಿಗಾದರೂ ತಿಳಿಸಬೇಕಿತ್ತು. ಮೂರು ಬಿಟ್ಟುಗಳನ್ನು ಅಂಗೈಯಲ್ಲಿಟ್ಟುಕೊಂಡು ಅವ್ವನ ಎದುರು ಕೂತೆ.

"ನೋಡ್ ಬೇ, ಇದು ದುಂಡ ಬುಡ. ಇದಕ್ಕ ಚಾವಿ ತಿರುವಿ ಬಿಗಿ ಮಾಡೋ ಹಿಡಿತ ಬೇಕು."

"ಹೂಂ."

"ಇದು ಆರು ಮೂಲಿದು. ಯಾಕ ಜಾರಂಗಿಲ್ಲ, ಹೇಳು?"

"ನೀನ ಹೇಳು." ಅವ್ವ ಆಸ್ಪತ್ರೆಯವರು ನಡೆಯಲು ಕೊಟ್ಟ ವಾಕರ್ ಹಿಡಿದು ಮೆಲ್ಲಗೆ ಎದ್ದಳು. ರೇಣುಕಾ ಕೈ ಚಾಚಲಿಲ್ಲ, ಜೊತೆಗೆ ನಿಂತಳಷ್ಟೆ.

"ಕುಂಡ್ರು ಬೇ, ಮುಖ್ಯ ಮಾತು ಈಗ ಬರ್ತೈತಿ. ಕಚ್ಚು ಇರೋ ಬುಡ ಒಳಗ ಆಡಿದ್ರೂ ಯಾಕ ಬೀಳಂಗಿಲ್ಲ ಅಂದ್ರ..."

"ನೀ ಹೇಳ್ತಿರೋ ತಮ್ಮಾ, ನನಗ ತಡ್ಯಾಂಗಿಲ್ಲ," ಎಂದು ಅವ್ವ ತಾನೇ ಬಚ್ಚಲಿನ ಕಡೆ ನಡೆದುಬಿಟ್ಟಳು.