ಹತ್ತು ಇಂಚು ಹೆಚ್ಚಾದ ಸೋಫಾದ ಕುರಿತು

ಚರ್ಮದ ಸೋಫಾ ಮಳಿಗೆಯ ಮಾನ್ಯ ಮ್ಯಾನೇಜರರೇ,

ತಾವು, ತಮ್ಮ ಸಿಬ್ಬಂದಿ, ಗಾಜಿನ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ನಗು ಹಂಚುವ ಆ ಕಾವಲುಗಾರ, ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮವೇ, ಆದರೆ ಸ್ವಲ್ಪ ಅಡ್ಡಡ್ಡವಾಗಿ. ತಮ್ಮ ಸೋಫಾ ಬಂದ ದಿನದಿಂದ ನಮ್ಮ ಮನೆಯ ಮುಂಬಾಗಿಲು ಅರ್ಧ ಮಾತ್ರ ತೆರೆಯುತ್ತಿದ್ದು, ಮನೆಯವರೆಲ್ಲ ಏಡಿಯಂತೆ ಒಳಗೆ ಬರುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಈ ಬಗ್ಗೆ ಬರೆದ ಮೂರು ಪತ್ರಗಳಿಗೂ ‘ನಿಮ್ಮ ಸಂತೋಷವೇ ನಮ್ಮ ಸಂತೋಷ’ ಎಂಬ ಒಂದೇ ಉತ್ತರ ಬಂದದ್ದರಿಂದ, ತಮ್ಮ ಸಂತೋಷಕ್ಕೆ ಇನ್ನಷ್ಟು ಜನ ಸಾಕ್ಷಿಯಾಗಲಿ ಎಂದು ನಾಲ್ಕನೆಯದನ್ನು ಪತ್ರಿಕೆಯ ಮೂಲಕ ಕಳಿಸುತ್ತಿದ್ದೇನೆ. ನಾನು ಹೆಚ್ಚು ಓದಿದವಳಲ್ಲ. ದಿನಚರಿ ಬರೆದು ಮತ್ತು ಗಿರಾಕಿಗಳ ಎದೆ, ಸೊಂಟ, ತೋಳುಗಳ ಅಳತೆ ಬರೆದು ಬಂದ ಕೈ ಇದು. ತಪ್ಪಿದ್ದರೆ ತಿದ್ದಿಕೊಂಡು ಓದಬೇಕಾಗಿ ವಿನಂತಿ.

ನಮ್ಮವರು ದರ್ಜಿಯಾಗಿದ್ದರು. ನಮ್ಮ ಮುಂದಿನ ಕೋಣೆಯೇ ಅವರ ಅಂಗಡಿ. ಅವರು ತೀರಿಕೊಂಡು ಎಂಟು ತಿಂಗಳಾಯಿತು. ಕತ್ತರಿಸುವ ಮೇಜು ಹೋಯಿತು, ಬಟ್ಟೆ ತೂಗುವ ಕಂಬಿ ಹೋಯಿತು, ಕಿಟಕಿಯ ಪಕ್ಕದ ಹೊಲಿಗೆ ಮಿಷನ್ನು ಮಾತ್ರ ಉಳಿಯಿತು. ನಾನು ಆ ಕೋಣೆಗೆ ಕಾಲಿಡುವುದನ್ನೇ ಬಿಟ್ಟೆನೆಂದು ಮಗಳಿಗೆ ಚಿಂತೆಯಾಗಿ, ‘ಎಲ್ಲರೂ ಒಟ್ಟಿಗೆ ಕೂರೋ ಹಾಗೆ ಒಂದು ದೊಡ್ಡ ಸೋಫಾ ತರೋಣಮ್ಮ, ಆಗ ನೀನೂ ಬಂದು ಕೂತ್ಕೋತೀಯ’ ಎಂದಳು. ನಾನು ‘ಆಗಲಿ’ ಎಂದೆ. ಯಾರು ಏನು ಕೇಳಿದರೂ ‘ಆಗಲಿ’ ಎನ್ನುವುದು ನನ್ನ ಹಳೆಯ ಕಾಯಿಲೆ.

ತಮ್ಮ ಮಳಿಗೆಯಲ್ಲಿ ನಾವು ಕಳೆದ ನಾಲ್ಕು ಗಂಟೆಗಳನ್ನು ಮರೆಯುವಂತಿಲ್ಲ. ಕಂದು ಎಂಬ ಒಂದೇ ಬಣ್ಣಕ್ಕೆ ಒಂಬತ್ತು ಹೆಸರುಗಳಿವೆ ಎಂದು ತಿಳಿದದ್ದು ಅಲ್ಲಿಯೇ. ಅಪ್ಪಟ ಚರ್ಮಕ್ಕೆ ನೀರು ತಾಗದು ಎಂದು ತೋರಿಸಲು ತಮ್ಮ ಮಾರಾಟದ ಹುಡುಗಿ ಒಂದು ಲೋಟ ನೀರನ್ನು ಸೋಫಾದ ಮೇಲೆ ಸುರಿದಳು. ಅವಳು ಹೇಳಿದ್ದು ಅಕ್ಷರಶಃ ನಿಜ, ಒಂದು ಹನಿಯೂ ಚರ್ಮಕ್ಕೆ ತಾಗದೆ ಅಷ್ಟೂ ನೀರು ನನ್ನ ಅಳಿಯನ ಪ್ಯಾಂಟಿಗೆ ಇಳಿಯಿತು. ಅಪ್ಪಟ ಚರ್ಮ ಉಸಿರಾಡುತ್ತದೆ ಎಂದೂ ಆಕೆ ಹೇಳಿದಳು. ಪ್ರತಿ ಸೋಫಾದ ಮೇಲೂ ಮಲಗಿ ಪರೀಕ್ಷಿಸುತ್ತಿದ್ದ ಅಳಿಯ ನಾಲ್ಕನೆಯದರ ಮೇಲೆ ನಿದ್ದೆಹೋಗಿದ್ದರಿಂದ, ಉಸಿರಾಡುತ್ತಿದ್ದುದು ಚರ್ಮವೋ ಅವನೋ ಎಂದು ಖಚಿತವಾಗಿ ಹೇಳಲಾರೆ.

ಆದರೆ ಆರಿಸಿದವಳು ನಾನೇ. ಎಲ್ಲರೂ ಮೇಲಿನಿಂದ ಒತ್ತಿ ನೋಡುತ್ತಿದ್ದಾಗ ನಾನು ಬಗ್ಗಿ ಅಂಚಿನ ಹೊಲಿಗೆ ನೋಡಿದೆ. ಜೋಡಿ ಹೊಲಿಗೆ, ಒಂದೂ ಸಡಿಲವಿಲ್ಲ, ಮೂಲೆಯಲ್ಲಿ ತಿರುಗುವಾಗಲೂ ಅದೇ ಅಂತರ. ಹೊಲಿದವನಿಗೆ ಮನೆಯಲ್ಲಿ ಆ ದಿನ ಜಗಳವಿರಲಿಲ್ಲ ಎನ್ನುತ್ತಿದ್ದರು ನಮ್ಮವರು, ಇಂಥ ಹೊಲಿಗೆ ಕಂಡರೆ. ಆದ್ದರಿಂದ ತಮ್ಮ ಸೋಫಾದ ಬಗ್ಗೆ ನನ್ನದು ದೂರಲ್ಲ, ಹೊಗಳಿಕೆಯೇ ಎಂದು ದಯವಿಟ್ಟು ತಿಳಿಯಬೇಕು. ನೆಂಟರು ಕೂತ ತಕ್ಷಣ ಅದು ಹೊರಡಿಸುವ ಸದ್ದು, ‘ಅದು ನಾನಲ್ಲ, ಸೋಫಾ’ ಎಂದು ಅವರು ಕೊಡಬೇಕಾಗುವ ವಿವರಣೆ, ವಿವರಣೆ ನಿಜವೆಂದು ತೋರಿಸಲು ಅವರು ಮತ್ತೆ ಕುಲುಕಿದಾಗ ಸೋಫಾ ಹಟ ಹಿಡಿದು ಸುಮ್ಮನಿರುವುದು, ಇವೆಲ್ಲ ನಮ್ಮ ಮನೆಯ ನಗುವಿನ ಪ್ರಮಾಣವನ್ನು ಹೆಚ್ಚಿಸಿವೆ. ನಮಗೆ ಅದರ ಅಗತ್ಯವಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಮೂಲೆಗೆ ಕೂರುವ ತಮ್ಮ ಎಲ್ ಆಕಾರದ ಸೋಫಾ ಕಿಟಕಿಯ ಕಡೆ ಹತ್ತು ಇಂಚು, ಬಾಗಿಲ ಕಡೆ ಹತ್ತು ಇಂಚು ಹೆಚ್ಚಾಗಿದೆ. ಬಾಗಿಲ ಕಥೆ ಆಗಲೇ ಹೇಳಿದೆ. ಕಿಟಕಿಯ ಕಡೆ ಹೊಲಿಗೆ ಮಿಷನ್ನಿಗೆ ಜಾಗವಿಲ್ಲದೆ ಅದನ್ನು ಅಡುಗೆಮನೆಯ ದಾರಿಯಲ್ಲಿ ನಿಲ್ಲಿಸಿದ್ದು, ದಿನಕ್ಕೆ ನಾಲ್ಕು ಬಾರಿಯಾದರೂ ನನ್ನ ಮೊಣಕಾಲು ಅದನ್ನು ಮಾತಾಡಿಸುತ್ತದೆ. ಫೋನು ಮಾಡಿದಾಗ ತಾವು ಬಹಳ ಸಮಾಧಾನದಿಂದ, ‘ಅಳತೆ ನೀವೇ ಬರೆದುಕೊಟ್ಟಿದ್ದು ಮೇಡಂ. ಆ ಹಳೇ ಮಿಷನ್ ತೆಗೆದುಬಿಡಿ, ಸೋಫಾ ಆರಾಮಾಗಿ ಕೂರುತ್ತೆ’ ಎಂದಿರಿ. ಸೋಫಾ ಆರಾಮಾಗಿ ಕೂರುವ ಬಗ್ಗೆ ಇಷ್ಟು ಕಾಳಜಿಯುಳ್ಳ ಮಳಿಗೆ ಇನ್ನೊಂದಿರಲಾರದು. ಮಗಳಿಗೂ ಆ ಸಲಹೆ ಸರಿಯೆನಿಸಿ, ಭಾನುವಾರ ಹಳೆ ಸಾಮಾನಿನವನಿಗೆ ಬರಹೇಳಿದ್ದಾಳೆ. ‘ನಿನಗೆ ಬೇಡ ಅನಿಸಿದ್ರೆ ಹೇಳಮ್ಮ’ ಎಂದು ಎರಡು ಸಲ ಕೇಳಿದಳು. ನಾನು ಎರಡು ಸಲವೂ ‘ಆಗಲಿ’ ಎಂದೆ.

ಅಳತೆ ನಾವೇ ಬರೆದುಕೊಟ್ಟದ್ದು ಎಂಬ ತಮ್ಮ ಮಾತು ನೂರಕ್ಕೆ ನೂರು ನಿಜ. ಅದು ಹೇಗೆ ಬರೆಯಲ್ಪಟ್ಟಿತೆಂದು ಹೇಳಿಬಿಡುತ್ತೇನೆ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ನಮ್ಮವರ ಬಳಿ ಪರದೆ ಅಳೆಯುವ ಉದ್ದನೆಯ ಟೇಪು ಒಂದಿತ್ತು. ನಮ್ಮ ಮದುವೆಯಾದ ವರ್ಷ ಅದರ ತುದಿ ಇಸ್ತ್ರಿಪೆಟ್ಟಿಗೆಯ ಕೆಳಗೆ ಸಿಕ್ಕಿ ಸುಟ್ಟಿತು. ಸುಟ್ಟ ಹತ್ತು ಇಂಚನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ಅವರು ಕೊನೆಯವರೆಗೂ ಬಳಸಿದರು. ‘ಹತ್ತು ಹೋದ್ರೆ ಏನಾಯ್ತು, ಮಿಕ್ಕಿದ್ದೆಲ್ಲ ಇದೆಯಲ್ಲ’ ಎನ್ನುತ್ತಿದ್ದರು. ಹಾಗಾಗಿ ಆ ಟೇಪಿನಲ್ಲಿ ಅಳೆದದ್ದೆಲ್ಲ ಹತ್ತು ಹೆಚ್ಚು ತೋರಿಸುತ್ತಿತ್ತು. ದಪ್ಪನೆಯ ಗಿರಾಕಿ ಬಂದರೆ ಬೇಕೆಂದೇ ಅದನ್ನು ತೆಗೆಯುತ್ತಿದ್ದರು. ಸೊಂಟಕ್ಕೆ ಸುತ್ತಿ, ಬೀದಿಗೆಲ್ಲ ಕೇಳುವಂತೆ ‘ಐವತ್ತೆರಡು!’ ಎಂದು ಕೂಗಿ ಸುಮ್ಮನಾಗುವರು. ಗಿರಾಕಿಯ ಮುಖ ಬಾಡುವವರೆಗೂ ಕಾಯುವರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, ‘ಹತ್ತು ಕಳಿ’ ಎನ್ನುವರು. ನಾನು ನಲವತ್ತೆರಡು ಎಂದು ಬರೆಯುವೆ. ನಿಂತಲ್ಲೇ ಹತ್ತು ಇಂಚು ತೆಳ್ಳಗಾದ ಆ ಗಿರಾಕಿ ಮುಂದಿನ ವರ್ಷವೂ ನಮ್ಮಲ್ಲಿಗೇ ಬರುತ್ತಿದ್ದ.

ಸೋಫಾಕ್ಕೆ ಗೋಡೆ ಅಳೆಯುವಾಗ ಮಗಳು ತಂದದ್ದು ಅದೇ ಟೇಪು. ಕತ್ತರಿಸಿದ ತುದಿಯನ್ನು ಮೂಲೆಗೆ ಒತ್ತಿ ಹಿಡಿದವಳು ನಾನು. ಅವಳು ಕಿಟಕಿಯ ಕಡೆ ಮಿಷನ್ನಿನವರೆಗೆ ಟೇಪು ಎಳೆದು ‘ನೂರಾ ಆರು!’ ಎಂದು ಕೂಗಿದಳು, ಥೇಟ್ ಅಪ್ಪನ ದನಿಯಲ್ಲಿ. ನಾನು ಪೆನ್ನು ಹಿಡಿದು ಕಾದೆ. ಬಾಗಿಲ ಕಡೆ ‘ಎಂಬತ್ತೆಂಟು!’ ಎಂದಳು. ಮತ್ತೆ ಕಾದೆ. ಟೇಪಿನ ಸಂಗತಿ ನನಗೆ ಗೊತ್ತಿರಲಿಲ್ಲವೆಂದಲ್ಲ ಮಾನ್ಯರೇ, ಅಳತೆ ಬರೆಯುವಾಗ ಆ ಮಾತನ್ನು ನಾನು ಎಂದೂ ಆಡಿದವಳಲ್ಲ. ಅದು ಅವರ ಮಾತು. ಯಾರೂ ಹೇಳಲಿಲ್ಲ, ನಾನು ಕಳೆಯಲಿಲ್ಲ. ಅಮ್ಮ ಕಳೆದೇ ಬರೆದಿರುತ್ತಾಳೆ ಎಂದು ಮಗಳು ನಂಬಿದಳು, ಬರೆದದ್ದನ್ನು ಅಳಿಯ ತಮಗೆ ತಂದುಕೊಟ್ಟ, ಬರೆದದ್ದಕ್ಕೆ ಸರಿಯಾಗಿ ತಾವು ಮಾಡಿಕೊಟ್ಟಿರಿ. ಈ ಇಡೀ ವ್ಯವಹಾರದಲ್ಲಿ ತಪ್ಪೇ ಮಾಡದ ಏಕೈಕ ವ್ಯಕ್ತಿ ತಾವು. ಅದಕ್ಕೇ ನನಗೆ ತಮ್ಮ ಮೇಲೆ ಇಷ್ಟು ಕೋಪ.

ಸೋಫಾ ಜೋಡಿಸಲು ಬಂದ ತಮ್ಮ ಹಿರಿಯ ಕೆಲಸಗಾರರು ಕಬ್ಬಿಣದ ಟೇಪಿನಿಂದ ಅಳೆದು, ಮಿಷನ್ನನ್ನೂ ನನ್ನನ್ನೂ ಒಮ್ಮೆ ನೋಡಿ, ‘ಅಮ್ಮ, ಇದರ ಕೈಗಳು ಒಂದೊಂದೂ ಹತ್ತೇ ಇಂಚು. ಎರಡೂ ಕೈ ಬಿಚ್ಚಿಬಿಟ್ರೆ ಬಾಗಿಲೂ ತೆರೆಯುತ್ತೆ, ಮಿಷನ್ನೂ ಕೂರುತ್ತೆ. ಆದ್ರೆ ನಾನು ಬಿಚ್ಚಿದ್ರೆ ನನ್ನ ಕೆಲಸ ಹೋಗುತ್ತೆ’ ಎಂದರು. ಕೈ ಬಿಚ್ಚಿದರೆ ಹತ್ತು ವರ್ಷಗಳ ಖಾತರಿ ರದ್ದು ಎಂದು ತಮ್ಮ ಚೀಟಿಯ ಹಿಂಬದಿಯಲ್ಲಿ, ಇರುವೆಗಳಿಗೆ ಓದಲು ಅನುಕೂಲವಾಗುವ ಅಕ್ಷರಗಳಲ್ಲಿ ಮುದ್ರಿಸಿದ್ದೀರಂತೆ.

ಆದುದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಇಷ್ಟೇ. ಸೋಫಾದ ಎರಡು ಕೈಗಳನ್ನು ಖಾತರಿಸಮೇತ ಬಿಚ್ಚಿಸಿಕೊಡಬೇಕು. ಅದಾಗದಿದ್ದರೆ ಕಿಟಕಿಯ ಕಡೆಯ ಗೋಡೆಯನ್ನು ಹತ್ತು ಇಂಚು ಆಚೆ ಸರಿಸಿಕೊಡಬೇಕು. ಪಕ್ಕದ ಮನೆಯಾಕೆ ತನ್ನ ಒಗೆಯುವ ಕಲ್ಲಿಗೆ ತೊಂದರೆಯಾಗದಿದ್ದರೆ ಅಭ್ಯಂತರವಿಲ್ಲ ಎಂದಿದ್ದಾಳೆ. ಅದೂ ಆಗದಿದ್ದರೆ, ಇನ್ನು ಮುಂದೆ ಗಿರಾಕಿಗಳು ಅಳತೆ ಬರೆದುಕೊಟ್ಟಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಮೆಲ್ಲಗೆ ಒಂದು ಮಾತು ಹೇಳುವ ಒಬ್ಬರನ್ನು ತಮ್ಮ ಮಳಿಗೆಯಲ್ಲಿ ನೇಮಿಸಬೇಕು. ಅಂಥವರು ಸಿಗುವುದು ಕಷ್ಟವೆಂದು ನನಗೆ ಗೊತ್ತಿದೆ.

ಎರಡೂ ಕಡೆ ಹತ್ತು ಇಂಚು ಹೆಚ್ಚಾಗಿಯೇ,
ತಮ್ಮ ವಿಶ್ವಾಸಿ,
ದರ್ಜಿಯ ಹೆಂಡತಿ

ಮರೆತ ಮಾತು: ಪತ್ರ ಮಡಿಸುವಷ್ಟರಲ್ಲಿ ಭಾನುವಾರ ಬಂತು, ಹಳೆ ಸಾಮಾನಿನವನೂ ಬಂದ. ಅರ್ಧ ಬಾಗಿಲಲ್ಲಿ ಅಡ್ಡಡ್ಡ ನುಗ್ಗಿ ಅವನು ಮಿಷನ್ನಿನ ಮೇಲೆ ಕೈಯಿಟ್ಟಾಗ, ನನ್ನ ಬಾಯಿಂದ ‘ಹತ್ತು ಕಳಿ!’ ಎಂಬ ಕೂಗು ಹೊರಟಿತು. ಬೆಲೆಯಲ್ಲಿ ಹತ್ತು ಕಳೆಯಲು ಹೇಳಿದೆನೆಂದು ತಿಳಿದು ಅವನು ಬಹಳ ಸಂತೋಷಪಟ್ಟ. ಅಪ್ಪನ ಮಾತಿನ ಗುರುತು ಹತ್ತಿದ ಮಗಳು ಟೇಪು ತಂದು, ಅದರ ತುದಿ ನೋಡಿ, ‘ಅಯ್ಯೋ ಅಮ್ಮಾ’ ಎಂದು ನಕ್ಕಳು, ನಕ್ಕು ಮುಗಿಯುವ ಮೊದಲೇ ಅತ್ತಳು, ಆಮೇಲೆ ಹೋಗಿ ಸ್ಪ್ಯಾನರ್ ತಂದಳು. ಒಂದೊಂದು ಕೈಗೆ ನಾಲ್ಕು ಬೋಲ್ಟು. ಈಗ ಬಾಗಿಲು ಪೂರ್ತಿ ತೆರೆಯುತ್ತದೆ. ಮಿಷನ್ನು ಕಿಟಕಿಯ ಪಕ್ಕದಲ್ಲಿದೆ. ಬಿಚ್ಚಿದ ಕೈಗಳಲ್ಲಿ ಒಂದರ ಮೇಲೆ ಕೂತು, ಕೈಯಿಲ್ಲದ ತಮ್ಮ ಸೋಫಾದ ಬರಿಮೈಗೆ ಹಳೆ ಪರದೆಯ ಬಟ್ಟೆಯಿಂದ ಹೊದಿಕೆ ಹೊಲಿಯುತ್ತಿದ್ದೇನೆ. ಎಂಟು ತಿಂಗಳ ಮೇಲೆ ನನ್ನ ಮೊದಲ ಹೊಲಿಗೆ. ತಮ್ಮ ಜೋಡಿ ಹೊಲಿಗೆಯಷ್ಟು ನೇರವಾಗಿಲ್ಲ, ಆದರೆ ಮನೆಯಲ್ಲಿ ಜಗಳವಿಲ್ಲ. ಖಾತರಿ ಚೀಟಿಯನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಅದರಲ್ಲಿ ಹತ್ತು ವರ್ಷ ಎಂದು ಬರೆದಿದೆ. ದಯವಿಟ್ಟು ಹತ್ತು ಕಳೆಯಿರಿ.