ಕಾಳಮ್ಮ ಗಂಗೆಯಲ್ಲಿ ಬಿಟ್ಟ ಹೊಲ

ಎಲ್ಲ ಮುಗಿದಿತ್ತು, ಬಾಕಿ ಇದ್ದದ್ದು ಕಾಳಮ್ಮನವರ ಒಂದು ಸಹಿ. ಅಷ್ಟೇ ತಾನೇ ಎಂದುಕೊಂಡು ಭೌತಶಾಸ್ತ್ರದ ಮೇಷ್ಟ್ರು ಡಾಕ್ಟರ್ ಪವಮಾನ ಬೆಳಿಗ್ಗೆ ಹತ್ತಕ್ಕೆ ಕಾಶಿಯ ಲಂಕಾ ಬಡಾವಣೆಯಿಂದ ಜಂಗಮವಾಡಿಯ ಅವರ ಕೋಣೆಗೆ ಬಂದ. ಬಗಲಲ್ಲಿ ಒಪ್ಪಿಗೆ ಪತ್ರ, ಕೈಯಲ್ಲಿ ಮುದುಕಿಯನ್ನು ಒಲಿಸಿಕೊಳ್ಳಲು ಕಾಲು ಕಿಲೋ ಕಾಫಿಪುಡಿ. ಊರಿನಿಂದ ರೈಲಿನಲ್ಲಿ ಬರುವ ಆ ಪುಡಿಯ ಕಾಫಿ ಎರಡು ಗಂಟೆಗೊಮ್ಮೆ ಒಳಗೆ ಹೋಗದಿದ್ದರೆ ಅವನ ತಲೆ ಚಾರ್ಜು ಮುಗಿದ ಮೊಬೈಲಿನಂತೆ ಕಪ್ಪಾಗುತ್ತಿತ್ತು.

ಕಾಳಮ್ಮನವರ ಗಂಡ ಇಲ್ಲಿ ರೈಲ್ವೆಯಲ್ಲಿದ್ದಾಗ ಗಂಗೆಯಾಚೆ ಕೊಂಡಿದ್ದ ಮೂರು ಬಿಘಾ ಹೊಲ ಐದು ವರ್ಷದಿಂದ ಪಾಳುಬಿದ್ದಿತ್ತು. ಅಲ್ಲಿ ಸೋಲಾರ್ ಫಲಕ ನೆಟ್ಟು ವಿದ್ಯುತ್ ತೆಗೆಯುವುದು ಪವಮಾನನ ಯೋಜನೆ. ಫಲಕಗಳು ಬಂದು ವಿಶ್ವವಿದ್ಯಾಲಯದ ಅವನ ವಿಭಾಗದ ಕಾರಿಡಾರಿನಲ್ಲಿ ಒರಗಿ ವರ್ಷವಾಗಿತ್ತು. ಸೂರ್ಯನ ಮುಖ ಕಾಣದ ಅವುಗಳ ಮುಂದೆ ನಿಂತು ಸಹೋದ್ಯೋಗಿಗಳು ತಲೆ ಬಾಚಿಕೊಳ್ಳುತ್ತಿದ್ದರು. ಇಂದು ಸಂಜೆ ಐದರೊಳಗೆ ಸಹಿ ಬಾರದಿದ್ದರೆ ಎಲ್ಲವನ್ನೂ ಬೇರೆ ಊರಿನ ಕಾಲೇಜಿಗೆ ಕಳಿಸುವುದಾಗಿ ಮುಖ್ಯಸ್ಥರು ಹೇಳಿಬಿಟ್ಟಿದ್ದರು.

ಕಾಳಮ್ಮ ಪುಡಿ ತೆಗೆದುಕೊಂಡರು, ಪತ್ರ ಮುಟ್ಟಲಿಲ್ಲ.

"ಆ ಹೊಲಾನ ನಾನು ಗಂಗೇಲಿ ಬಿಟ್ಟಿದ್ದೀನಿ ಕಣಪ್ಪ."

ಕಾಶಿಗೆ ಬಂದವರು ಇಷ್ಟದ್ದೊಂದನ್ನು ಬಿಡಬೇಕಲ್ಲ. ಪಕ್ಕದ ಕೋಣೆಯ ಕೃಷ್ಣವೇಣಮ್ಮ ಹಾಗಲಕಾಯಿ ಬಿಟ್ಟಿದ್ದರು. ಹುಟ್ಟಿದಾಗಿನಿಂದ ಬಾಯಿಗಿಡದ ಹಾಗಲಕಾಯಿಯನ್ನು ಬಿಟ್ಟು ಗಲ್ಲಿಯೆಲ್ಲ ಹೇಳಿಕೊಂಡು ತಿರುಗಿದ್ದನ್ನು ಸಹಿಸಲಾರದೆ, ಮರುದಿನವೇ ಕಾಳಮ್ಮ ಎದೆಮಟ್ಟದ ನೀರಿನಲ್ಲಿ ನಿಂತು ಹೊಲವನ್ನೇ ಬಿಟ್ಟರು. ಅಂದಿನಿಂದ ಅತ್ತ ಕಾಲಿಟ್ಟಿರಲಿಲ್ಲ.

ದಾಖಲೆಯಲ್ಲಿ ಹೊಲ ಇನ್ನೂ ನಿಮ್ಮ ಹೆಸರಲ್ಲೇ ಇದೆಯೆಂದು ಪವಮಾನ ಕಾಗದ ತೋರಿಸಿದ. ಗಂಗಮ್ಮ ಅದನ್ನು ಓದುತ್ತಾಳೆಯೇ ಎಂದು ಕಾಳಮ್ಮ ಕೇಳಿದರು. ತನಗೆ ಬೇಕಾದದ್ದು ಹೊಲವಲ್ಲ, ಅದರ ಮೇಲೆ ಬೀಳುವ ಬಿಸಿಲು ಮಾತ್ರ ಎಂದು ವಾದ ಹೂಡಿದ. ಬಾಗಿಲಲ್ಲಿ ನಿಂತಿದ್ದ ಕೃಷ್ಣವೇಣಮ್ಮ ಸುಮ್ಮನಿರಲಿಲ್ಲ.

"ಹಾಗಾದ್ರೆ ನಾನು ಗೊಜ್ಜಿನ ರಸ ತಿನ್ನಬಹುದು ಅನ್ನಿ. ಬಿಟ್ಟಿರೋದು ಹೋಳನ್ನ ತಾನೇ?"

ಗದ್ದಲ ಕೇಳಿ ಮಹಡಿಯಿಂದ ನಿವೃತ್ತ ಹೆಡ್‌ಮಾಸ್ಟರ್ ಕೊಟ್ಟೂರಯ್ಯ ಇಳಿದು ಬಂದರು. ಎರಡೂ ಕಡೆ ವಿಚಾರಿಸಿ, ಅಂಕಪಟ್ಟಿ ಓದುವ ದನಿಯಲ್ಲಿ ತೀರ್ಪು ಕೊಟ್ಟರು.

"ಆಕಿ ಬಿಟ್ಟಿದ್ದು ಆಕಿಗೆ ವಾಪಸ್ ಬರಬೇಕಂದ್ರ, ಆ ಜಾಗಕ್ಕ ಇನ್ನೊಬ್ರು ಏನಾರ ಬಿಡಬೇಕ್ರೀ. ಗಂಗವ್ವಗ ಲುಕ್ಸಾನ ಆಗಬಾರದು."

ಹದಿನಾರು ವರ್ಷದಿಂದ ಶಕ್ತಿಯ ನಿತ್ಯತೆಯ ನಿಯಮ ಕಲಿಸುತ್ತಿದ್ದ ಪವಮಾನನಿಗೆ ಇದನ್ನು ಅಲ್ಲಗಳೆಯಲಾಗಲಿಲ್ಲ. ತಾನೂ ಹಾಗಲಕಾಯಿ ಬಿಡುವೆನೆಂದ. ಅದು ಆಗಲೇ ತನ್ನದೆಂದು ಕೃಷ್ಣವೇಣಮ್ಮ ಒಪ್ಪಲಿಲ್ಲ. ಪಾನ್ ಬಿಡುವೆನೆಂದ. ಅವನ ಬೆಳ್ಳನೆಯ ಹಲ್ಲು ನೋಡಿ ಕಾಳಮ್ಮ ನಕ್ಕರು. ಕೊಟ್ಟೂರಯ್ಯನವರ ಕಣ್ಣು ಅವನ ಕೈಯಲ್ಲಿದ್ದ ನಾಲ್ಕನೆಯ ಲೋಟ ಕಾಫಿಯ ಮೇಲೆ ಬಿತ್ತು.

"ಅದನ್ನ ಬಿಡ್ರಿ ಸರ."

ಪವಮಾನ ಎರಡೂವರೆಯವರೆಗೆ ಹೋರಾಡಿದ. ಕೊನೆಗೆ ಗಡಿಯಾರ ಗೆದ್ದಿತು. ಮೂವರು ಹಿರಿಯರೂ ಅವನನ್ನು ಮದುವೆಯ ಗಂಡಿನಂತೆ ಮುಂದಿಟ್ಟುಕೊಂಡು ಹೊರಟರು. ದಾರಿಯ ಗೋದೌಲಿಯಾ ಚೌಕದಲ್ಲಿ ಅಡ್ಡ ನಿಂತ ಗೂಳಿಯೊಂದು ಇಪ್ಪತ್ತು ನಿಮಿಷ ತಿಂದಿತು. ಘಾಟಿನಲ್ಲಿ ವಿಷಯ ತಿಳಿದ ದೋಣಿಯವನು, ಚಹಾ ಬಿಟ್ಟಿಲ್ಲವಲ್ಲ ಬಾಬು, ಚಿಂತೆ ಯಾಕೆ ಎಂದು ಹಿಂದಿಯಲ್ಲಿ ಸಮಾಧಾನ ಹೇಳಿದ. ಪವಮಾನ ಪ್ಯಾಂಟಿನಲ್ಲೇ ಮುಳುಗಿ, ಸತ್ತರೂ ಕಾಫಿ ಮುಟ್ಟುವುದಿಲ್ಲವೆಂದು ಮೂವರಿಗೂ ಕೇಳುವಂತೆ ಹೇಳಿ ಎದ್ದ.

ಕೋಣೆಗೆ ಮರಳಿದಾಗ ನಾಲ್ಕೂಕಾಲು. ನೀರು ಸೋರುವ ಕೈಯಿಂದಲೇ ಪೆನ್ನು ಚಾಚಿದ.

"ಈಗ ಹೊಲ ಪೂರ್ತಿ ನಂದೇನಪ್ಪ?" ಕಾಳಮ್ಮ ಕೇಳಿದರು.

"ಪೂರ್ತಿ ನಿಮ್ಮದೇ ಅಮ್ಮ. ಇಲ್ಲಿ ಸಹಿ ಹಾಕಿ."

ಕಾಳಮ್ಮ ಕಣ್ಣೊರೆಸಿಕೊಂಡು ಪತ್ರವನ್ನು ಮಡಿಸಿ ಅವನ ಒದ್ದೆ ಜೇಬಿಗೇ ಸೇರಿಸಿದರು.

"ಬಾಯಿ ತಪ್ಪಿ ಬಿಟ್ಟುಬಿಟ್ಟು ಐದು ವರ್ಷ ಹೊಟ್ಟೆ ಉರ್ಕೊಂಡಿದ್ದೀನಪ್ಪ. ಕೈಗೆ ಬಂದ ದಿನಾನೇ ಅದರ ಮೇಲೆ ಗಾಜು ಹಾಸ್ಲಾ? ನಾಳೆನೇ ಟ್ರ್ಯಾಕ್ಟರ್ ಕರೆಸಿ ಅವರೆ ಹಾಕ್ತೀನಿ. ಮೊದಲನೇ ಬುಟ್ಟಿ ನಿಮ್ಮನೆಗೇ."

ಪವಮಾನ ಕುಸಿದು ಕೂತ. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಕಾಳಮ್ಮ ಮರುಗಿ ಒಳಗೆ ಹೋಗಿ, ಅವನೇ ತಂದ ಪುಡಿಯಲ್ಲಿ ಹಬೆಯಾಡುವ ಕಾಫಿ ಮಾಡಿ ತಂದರು. ಅವನ ಕೈ ತಾನಾಗಿ ಮುಂದೆ ಹೋಯಿತು.

ಲೋಟ ಅವನನ್ನು ದಾಟಿ ಕೊಟ್ಟೂರಯ್ಯನವರ ಕೈ ಸೇರಿತು.