ಅತ್ತೆಯವರ ಕಿಟಕಿ ಮತ್ತು ಕಂಪ್ಯೂಟರಿನೊಳಗಿನ ಮನುಷ್ಯ

ಕಿಟಕಿ ಎಲ್ಲಿಡಬೇಕು ಎಂಬ ವಿಷಯದಲ್ಲಿ ನನ್ನನ್ನು ಮೀರಿಸುವ ಗಂಡು ಇನ್ನೂ ಹುಟ್ಟಿಲ್ಲ! ಬೇರೆ ಯಾರೂ ಹೀಗೆ ಹೇಳದ ಕಾರಣ ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಕಟ್ಟಡಗಳ ನಕ್ಷೆ ಬರೆಯುವುದು ನನ್ನ ಕಸುಬು. ಕಂಪ್ಯೂಟರಿನೊಳಗೆ ಮನೆ ಕಟ್ಟಿ, ಸೂರ್ಯನನ್ನು ಹುಟ್ಟಿಸಿ, ಮುಳುಗಿಸಿ, ಗಾಳಿದೇವನನ್ನು ಹೇಳಿದಂತೆ ಕುಣಿಸಿ, ‘ಕಿಟಕಿ ಇಲ್ಲೇ!’ ಎಂದು ಬೆರಳಿಟ್ಟು ತೋರಿಸುವ ಶೂರ!

ಅಂಥವನಿಗೆ ಮನೆಯಲ್ಲೇ ಸವಾಲು ಬಂತು ನೋಡಿ. ಅತ್ತೆಯವರು ಸೊಂಟಕ್ಕೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದರು. ಆಯುಷ್ಯವೆಲ್ಲ ಬಸ್ ಕಂಡಕ್ಟರಾಗಿ ಬೀದಿ ನೋಡಿಕೊಂಡೇ ಬದುಕಿದ ಜೀವ. ನಾಲ್ಕು ಗೋಡೆ ನೋಡಿ ನೋಡಿ ಊಟವನ್ನೇ ಬಿಟ್ಟಿದ್ದರು. ಇನ್ನು ನಮ್ಮ ಮನೆಯಲ್ಲೇ ತಿಂಗಳುಗಟ್ಟಲೆ ಮಲಗಿರಬೇಕು. ಬೀದಿ ಪಕ್ಕದ ಕೋಣೆಯ ಬೋಳುಗೋಡೆಗೆ ಒಂದು ಕಿಟಕಿ ಬೇಕಿತ್ತು.

“ಅಮ್ಮ ಮಲಗಿದಲ್ಲಿಂದ್ಲೇ ಬೀದಿ ಕಾಣ್ಬೇಕು, ಅಷ್ಟೇ ರೀ. ನೀವೇ ಒಂದ್ಸಲ ಮಂಚದ ಮೇಲೆ ಮಲಗಿ ನೋಡಿ, ಗೋಡೆಗೊಂದು ಗೀಟು ಎಳೀರಿ,” ಎಂದಳು ಹೆಂಡತಿ.

“ಮಲಗಿ ನೋಡೋದಾ? ಇದು ವಿಜ್ಞಾನ ಕಣೇ!”

“ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಯಾಕ್ರೀ?”

ಬಿಟ್ಟೇಬಿಟ್ಟೆ ಬ್ರಹ್ಮಾಸ್ತ್ರ! ಕಂಪ್ಯೂಟರ್ ಬುಸುಗುಟ್ಟಿತು. ಪರದೆಯ ಮೇಲೆ ಕಿಟಕಿ ಗೋಡೆ ತುಂಬ ಹಲ್ಲಿಯಂತೆ ಹರಿದಾಡಿ ಕಡೆಗೆ ಒಂದೆಡೆ ನಿಂತಿತು. ಬೆಳಕಿಗೆ ಭೇಷ್! ಗಾಳಿಗೆ ಭೇಷ್! ಬೀದಿಯ ನೋಟಕ್ಕೂ ಭೇಷ್!

“ಇದರೊಳಗೆ ನಿಂತಿರೋನು ಯಾರು?” ಹೆಂಡತಿ ಇಣುಕಿದಳು.

“ಮಾದರಿ ಮನುಷ್ಯ. ಅವನ ಕಣ್ಣಿಂದ್ಲೇ ಕಂಪ್ಯೂಟರ್ ಬೀದಿ ನೋಡೋದು. ನನ್ನ ಎತ್ತರಾನೇ ಕೊಟ್ಟಿದೀನಿ!” ಎಂದು ಎದೆಯುಬ್ಬಿಸಿದೆ.

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಾನು ಮೇಸ್ತ್ರಿಗೆ ಫೋನ್ ಮಾಡಿಯಾಗಿತ್ತು.

ಅತ್ತೆಯವರು ಬಂದರು. ಮಲಗಿಸಿ, ನಾಟಕದ ಪರದೆ ಸರಿಸಿದಂತೆ ಕಿಟಕಿಯ ಪರದೆ ಸರಿಸಿದೆ.

“ಹೇಗಿದೆ ಅತ್ತೆ?”

“ಗಾಳಿ ಚೆನ್ನಾಗಿದೆ, ಬೆಳಕೂ ಚೆನ್ನಾಗಿದೆ. ಬೀದಿ ಎಲ್ಲಿ? ನಂಗೆ ಬರೀ ಮೋಡ ಕಾಣ್ತಿದೆ. ಈಗ್ಲೇ ಮೇಲಕ್ಕೆ ಕಳಿಸೋ ಯೋಚ್ನೆನಾ ಅಳಿಯಂದ್ರೇ?”

ಹೆಂಡತಿ ನನ್ನನ್ನೊಮ್ಮೆ, ಕಿಟಕಿಯನ್ನೊಮ್ಮೆ ನೋಡಿದಳು. ಬೈದಿದ್ದರೇ ವಾಸಿಯಿತ್ತು!

ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟೆ. “ಇದು ಮಂಚನೋ, ಡಬಲ್ ಡೆಕರ್ ಬಸ್ಸೋ?” ಎಂದು ಅತ್ತೆಯವರು ಕಂಬಿ ಹಿಡಿದುಕೊಂಡರು. ಇಳಿಸಿದೆ. ಕಿಟಕಿಯ ಮೇಲೆ ಕನ್ನಡಿ ಓರೆಯಾಗಿ ಕಟ್ಟಿದೆ. “ಜನ ಎಲ್ಲಾ ತಲೆಕೆಳಗಾಗಿ ನಡೀತಿದಾರೆ, ತಲೆ ತಿರುಗತ್ತೆ!” ಬಿಚ್ಚಿದೆ. ಮೇಸ್ತ್ರಿಯೋ, ಬೇರೆ ಕೆಲಸ ಹಿಡಿದು ಮುಂದಿನ ತಿಂಗಳ ಮಾತಾಡಿದ.

ಸಂಜೆ ಅತ್ತೆಯವರು ತಟ್ಟೆ ಸರಿಸಿ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಏನು ಮಾಡಲಿ? ಕಿಟಕಿಯ ಮುಂದೆ ನಿಂತು ಬಾಯಿಗೆ ಬಂದದ್ದು ಹೇಳತೊಡಗಿದೆ.

“ಎದುರು ಅಂಗಡಿ ಟೈಲರ್ ಟೀ ಕುಡಿಯೋಕೆ ಹೊರಟ, ಅತ್ತೆ... ಟೇಪು ಕೊರಳಲ್ಲೇ ಇದೆ... ಅಯ್ಯೋ, ಯಾರೋ ಹೆಂಗಸು ಬಸ್ಸಿಗೆ ಓಡ್ತಿದಾರೆ!”

“ಸಿಕ್ತಾ?” ಅತ್ತೆಯವರು ಇತ್ತ ತಿರುಗಿದ್ದರು.

“ಹತ್ತಿದ್ರು, ಹತ್ತಿದ್ರು!”

“ರೈಟ್!” ಎಂದವರೇ ತಟ್ಟೆ ಎಳೆದುಕೊಂಡರು.

ಅಂದಿನಿಂದ ದಿನಾ ಸಂಜೆ ನನ್ನದೇ ವೀಕ್ಷಕ ವಿವರಣೆ. “ಜೋರಾಗಿ ಹೇಳಿ, ಹಿಂದಿನ ಸೀಟಿಗೂ ಕೇಳ್ಬೇಕು!” ಎಂದು ಅತ್ತೆಯವರ ಗದರಿಕೆ ಬೇರೆ. ಕೊನೆಗೂ ಮೇಸ್ತ್ರಿ ಬಂದು, “ಕಿಟಕಿ ಕೆಳಗಿಳಿಸ್ಲಾ ಅಮ್ಮಾ?” ಎಂದರೆ ಅವರು, “ಬೇಡಪ್ಪಾ, ಇಂಥಾ ಮಾತಾಡೋ ಕಿಟಕಿ ಎಲ್ಲಿ ಸಿಗತ್ತೆ!” ಎಂದುಬಿಟ್ಟರು.

ನಾನು ಹೆಂಡತಿಯ ಮುಖ ನೋಡಿದೆ.

“ನಿಮ್ಮ ಕಂಪ್ಯೂಟರ್ ಜಾಣ ಬಿಡಿ,” ಎಂದಳು, “ಕಿಟಕಿ ಮುಂದೆ ಯಾರು ನಿಂತಿರ್ತಾರೆ ಅಂತ ಅವತ್ತೇ ತೋರಿಸಿತ್ತು!”